ದೀರ್ಘ ವಿಡಿಯೋಗಳನ್ನು ಜಾಲಪುಟದಲ್ಲಿ ಅಳವಡಿಸುವ ಮತ್ತು ನಿಯಂತ್ರಿಸುವ ಕ್ರಮ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಯಕ್ಷಗಾನ ಸಂಘಗಳು, ಗ್ರಂಥಾಲಯಗಳು ಮತ್ತು ಕನ್ನಡ ಶಾಲೆಗಳು ತಮ್ಮ ಕಾರ್ಯಕ್ರಮಗಳ ವಿಡಿಯೋಗಳನ್ನು ಸ್ವಂತ ಜಾಲಪುಟದಲ್ಲಿ ಹಾಕಲು ಬಯಸುವುದು ಈಗ ಸಾಮಾನ್ಯವಾಗಿದೆ. ಇವುಗಳಲ್ಲಿ ಹೆಚ್ಚಿನವು ಉದ್ದವಾದವು: ಮೂರು ಗಂಟೆಯ ತಾಳಮದ್ದಳೆ, ಇಡೀ ರಾತ್ರಿಯ ಬಯಲಾಟ, ಬೆಳಗಿನಿಂದ ಸಂಜೆಯವರೆಗಿನ ಸಾಹಿತ್ಯ ಸಮ್ಮೇಳನ. ನೋಡುವವರಲ್ಲಿ ಅನೇಕರು ಗಲ್ಫಿನಲ್ಲೋ ಮುಂಬಯಿಯಲ್ಲೋ ಇದ್ದು, ಕೆಲಸದ ನಡುವಿನ ಬಿಡುವಿನಲ್ಲಿ ಫೋನು ತೆರೆದು ಒಂದು ಪದ್ಯವನ್ನೋ ಒಂದು ಸಂವಾದವನ್ನೋ ಹುಡುಕಿಕೊಂಡು ಬಂದವರು. ವಿಡಿಯೋವನ್ನು ಪುಟಕ್ಕೆ ಅಂಟಿಸುವುದು ಸುಲಭದ ಕೆಲಸ. ಆದರೆ ಅದು ಯಾವಾಗ ಆರಂಭವಾಗಬೇಕು, ಎಲ್ಲಿಂದ ಆರಂಭವಾಗಬೇಕು, ಎಷ್ಟು ಡೇಟಾ ಬಳಸಬೇಕು, ಯಾವ ಭಾಷೆಯ ಉಪಶೀರ್ಷಿಕೆ ತೋರಿಸಬೇಕು ಎಂಬ ನಾಲ್ಕೂ ವಿಷಯಗಳನ್ನು ನೋಡುವವರ ಕೈಗೆ ಕೊಡುವುದೇ ನಿಜವಾದ ಕೆಲಸವೆಂದು ನಾನು ತಿಳಿದಿದ್ದೇನೆ, ಮತ್ತು ಈ ಮಾರ್ಗದರ್ಶಿಯನ್ನು ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಪುಟದಲ್ಲಿ ಏನಿರಬೇಕೆಂದು ಹೇಳುವ ಗುರುತುಗಳಾದ ಟ್ಯಾಗ್ ಮತ್ತು ಆ ಟ್ಯಾಗಿಗೆ ಸೇರಿಸುವ ಸೂಚನೆಗಳಾದ ಆಟ್ರಿಬ್ಯೂಟ್‌ಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ; ಪುಟವನ್ನು ಬರೆಯುವ ಭಾಷೆಯಾದ ಎಚ್‌ಟಿಎಮ್‌ಎಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಒಂದೇ ಪದವಾಗಿ ಬರೆಯಬೇಕು.

ಫೈಲು ಎಲ್ಲಿರಬೇಕು

ಮೊದಲು ತೀರ್ಮಾನಿಸಬೇಕಾದದ್ದು ಇದನ್ನೇ. ಫೈಲನ್ನು ನಿಮ್ಮ ಸರ್ವರ್‌ನಲ್ಲಿಯೇ ಇಟ್ಟು ವಿಡಿಯೋ ಟ್ಯಾಗಿನಿಂದ ತೋರಿಸಬಹುದು, ಅಥವಾ ಯೂಟ್ಯೂಬಿಗೆ ಏರಿಸಿ ಅಲ್ಲಿಂದ ಐಫ್ರೇಮ್, ಅಂದರೆ ಬೇರೆ ತಾಣದ ಪುಟವನ್ನು ನಮ್ಮ ಪುಟದೊಳಗೆ ತೋರಿಸುವ ಚೌಕಟ್ಟಿನ ಮೂಲಕ ತರಬಹುದು. ಲೆಕ್ಕ ಸರಳವಾಗಿದೆ. ಸೆಕೆಂಡಿಗೆ 2 ಮೆಗಾಬಿಟ್ ದರದ ವಿಡಿಯೋ ಒಂದು ಗಂಟೆಗೆ ಸುಮಾರು 900 ಎಂಬಿ ಆಗುತ್ತದೆ. ಎಂಟು ಗಂಟೆಯ ಬಯಲಾಟವೆಂದರೆ 7.2 ಜಿಬಿ. ಸಣ್ಣ ಸಂಘವೊಂದು ಬಾಡಿಗೆಗೆ ಪಡೆದ ಸಾಮಾನ್ಯ ಹೋಸ್ಟಿಂಗ್ ಅಷ್ಟು ದೊಡ್ಡ ಫೈಲನ್ನು ಹಲವರಿಗೆ ಏಕಕಾಲದಲ್ಲಿ ಕೊಡಲಾರದು, ಮತ್ತು ನೋಡುವವರ ಜಾಲದ ವೇಗಕ್ಕೆ ತಕ್ಕಂತೆ ಗುಣಮಟ್ಟವನ್ನು ತಾನಾಗಿಯೇ ಇಳಿಸುವ ಏರ್ಪಾಡೂ ಅದರಲ್ಲಿ ಇರುವುದಿಲ್ಲ. ಯೂಟ್ಯೂಬಿನಲ್ಲಿ ಆ ಏರ್ಪಾಡು ಇದೆ. ಆದ್ದರಿಂದ ಹತ್ತು ನಿಮಿಷದ ಒಳಗಿನ ತುಣುಕುಗಳನ್ನು, ಮುಖ್ಯವಾಗಿ ಶಾಲೆಯ ಪಾಠಗಳನ್ನೂ ಸಂದರ್ಶನದ ಭಾಗಗಳನ್ನೂ, ಸ್ವಂತ ಸರ್ವರ್‌ನಲ್ಲಿ ಇಟ್ಟು, ಉದ್ದದ ಆಟಗಳನ್ನು ಯೂಟ್ಯೂಬಿನಿಂದ ತರುವುದು ಸೂಕ್ತವೆಂಬುದು ನನ್ನ ಅಭಿಪ್ರಾಯ. ಎರಡರಲ್ಲಿ ಯಾವುದಾದರೂ ಸರಿ, ಏರಿಸುವ ಮೊದಲು ಭಾಗವತರಿಂದ ಹಿಡಿದು ವೇಷಧಾರಿಗಳವರೆಗೆ ಎಲ್ಲ ಕಲಾವಿದರ ಒಪ್ಪಿಗೆಯನ್ನು ಕೇಳಿಯೇ ಮುಂದುವರಿಯಬೇಕು.

ವಿಡಿಯೋ ಟ್ಯಾಗ್

ಒಂದು ಕಾಲಕ್ಕೆ ಬ್ರೌಸರ್‌ನಲ್ಲಿ ವಿಡಿಯೋ ನೋಡಲು ಫ್ಲ್ಯಾಶ್ ಎಂಬ ಹೆಚ್ಚುವರಿ ತಂತ್ರಾಂಶ ಬೇಕಿತ್ತು. 2014ರ ಅಕ್ಟೋಬರಿನಲ್ಲಿ ಎಚ್‌ಟಿಎಮ್‌ಎಲ್5 ಅಧಿಕೃತ ಶಿಫಾರಸಾಗಿ ಹೊರಬಂದು, 2020ರ ಕೊನೆಗೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದ ಬಳಿಕ ಆ ಮಾತು ಮುಗಿದಿದೆ. ಈಗ ವಿಡಿಯೋ ಎಂಬ ಒಂದೇ ಟ್ಯಾಗು ಸಾಕು. ಅದರೊಳಗೆ ಸೋರ್ಸ್ ಟ್ಯಾಗನ್ನಿಟ್ಟು, ಅದರ ಎಸ್‌ಆರ್‌ಸಿಯಲ್ಲಿ ಫೈಲಿನ ವಿಳಾಸವನ್ನೂ ಟೈಪ್‌ನಲ್ಲಿ ಅದರ ಬಗೆಯನ್ನೂ ಬರೆಯಬೇಕು. ಒಂದಕ್ಕಿಂತ ಹೆಚ್ಚು ಸೋರ್ಸ್ ಇದ್ದರೆ ಬ್ರೌಸರ್ ಮೇಲಿನಿಂದ ಕೆಳಕ್ಕೆ ನೋಡುತ್ತ ಹೋಗಿ ತನಗೆ ಆಡಿಸಲು ಬರುವ ಮೊದಲನೆಯದನ್ನು ಆಯ್ದುಕೊಳ್ಳುತ್ತದೆ. ಆದ್ದರಿಂದ ಗಾತ್ರದಲ್ಲಿ ಚಿಕ್ಕದಾದ ವೆಬ್‌ಎಂ ಫೈಲನ್ನು ಮೇಲೆಯೂ, ಎಲ್ಲೆಡೆ ನಡೆಯುವ ಎಂಪಿ4 ಫೈಲನ್ನು ಕೆಳಗೆಯೂ ಇಡುವುದು ವಾಡಿಕೆ. ಒಂದನ್ನೇ ಇಡುವುದಾದರೆ ಎಚ್.264 ಬಗೆಯ ಚಿತ್ರ ಮತ್ತು ಎಎಸಿ ಬಗೆಯ ಧ್ವನಿ ಇರುವ ಎಂಪಿ4 ಇಡಿ.

ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಈಚಿನ ಐಫೋನ್‌ಗಳು ಸಾಮಾನ್ಯವಾಗಿ ಎಚ್‌ಇವಿಸಿ ಬಗೆಯಲ್ಲಿ ಚಿತ್ರೀಕರಿಸುತ್ತವೆ, ಮತ್ತು ಆ ಫೈಲು ಎಲ್ಲ ಬ್ರೌಸರ್‌ಗಳಲ್ಲೂ ತೆರೆಯುವುದಿಲ್ಲ. ಕೆಲವೊಮ್ಮೆ ಚೆಂಡೆಯ ಧ್ವನಿ ಕೇಳಿಸುತ್ತದೆ, ರಂಗಸ್ಥಳ ಕಾಣಿಸುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಅಂಥ ಫೈಲನ್ನು ಎಚ್.264ಕ್ಕೆ ಬದಲಾಯಿಸಿಕೊಳ್ಳಬಹುದು. ಹಾಗೆ ಬದಲಾಯಿಸುವಾಗ ಅದರಲ್ಲಿ ವೆಬ್ ಆಪ್ಟಿಮೈಸ್ಡ್ ಎಂಬ ಚೌಕವನ್ನು ಗುರುತು ಹಾಕಲೇಬೇಕು. ಎಂಪಿ4 ಫೈಲಿನಲ್ಲಿ ಯಾವ ಚೌಕಟ್ಟು ಎಲ್ಲಿದೆ ಎಂಬ ಪಟ್ಟಿ ಇರುತ್ತದೆ. ಅನೇಕ ಸಾಧನಗಳು ಚಿತ್ರೀಕರಣ ಮುಗಿದ ಮೇಲೆ ಆ ಪಟ್ಟಿಯನ್ನು ಫೈಲಿನ ಕೊನೆಗೆ ಬರೆಯುತ್ತವೆ. ಪಟ್ಟಿ ಕೈಗೆ ಸಿಗದೆ ಬ್ರೌಸರ್ ಆಡಿಸಲಾರದು, ಆದ್ದರಿಂದ ಆರಂಭ ತಡವಾಗುತ್ತದೆ. ಗುರುತು ಹಾಕಿದರೆ ಪಟ್ಟಿ ಮುಂಭಾಗಕ್ಕೆ ಬರುತ್ತದೆ.

ವಿಡಿಯೋ ಟ್ಯಾಗಿಗೆ ಸೇರಿಸಬೇಕಾದ ಆಟ್ರಿಬ್ಯೂಟ್‌ಗಳಲ್ಲಿ ಮೊದಲನೆಯದು ಕಂಟ್ರೋಲ್ಸ್. ಅದು ಇಲ್ಲದಿದ್ದರೆ ನೋಡುವವರಿಗೆ ಆಡಿಸುವ, ನಿಲ್ಲಿಸುವ, ಧ್ವನಿ ತಗ್ಗಿಸುವ ಗುಂಡಿಗಳೇ ಕಾಣಿಸುವುದಿಲ್ಲ. ಎರಡನೆಯದು ಪೋಸ್ಟರ್; ವಿಡಿಯೋ ಆರಂಭವಾಗುವ ಮೊದಲು ತೋರಿಸಬೇಕಾದ ಚಿತ್ರದ ವಿಳಾಸವನ್ನು ಅದಕ್ಕೆ ಕೊಡಬೇಕು. ಬಯಲಾಟದ ಮೊದಲ ಚೌಕಟ್ಟು ಬಹುತೇಕ ಖಾಲಿ ರಂಗಸ್ಥಳವಾಗಿರುವುದರಿಂದ, ಒಡ್ಡೋಲಗದ ಒಂದು ಸ್ಪಷ್ಟ ಚಿತ್ರವನ್ನು ಪೋಸ್ಟರ್ ಆಗಿ ಕೊಟ್ಟರೆ ಯಾವ ಪ್ರಸಂಗ, ಯಾವ ವೇಷ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಮೂರನೆಯದು ಪ್ರಿಲೋಡ್. ಇದಕ್ಕೆ ಇಂಗ್ಲಿಷಿನಲ್ಲಿ ಏನೂ ಇಲ್ಲವೆಂಬ ಅರ್ಥದ ನನ್ ಎಂದು ಬರೆದರೆ ಗುಂಡಿ ಒತ್ತುವವರೆಗೆ ಏನನ್ನೂ ತರಬೇಡ ಎಂದರ್ಥ; ಮೆಟಾಡೇಟಾ ಎಂದರೆ ಅವಧಿ, ಅಳತೆ ಇಂಥ ವಿವರಗಳನ್ನು ಮಾತ್ರ ತರು ಎಂದರ್ಥ; ಆಟೋ ಎಂದರೆ ಬೇಕೆನಿಸಿದಷ್ಟನ್ನು ಮೊದಲೇ ತಂದುಕೋ ಎಂದರ್ಥ. ಇವು ಬ್ರೌಸರ್‌ಗೆ ಕೊಡುವ ಸೂಚನೆಗಳು ಮಾತ್ರ, ಆಜ್ಞೆಗಳಲ್ಲ. ದಿನಕ್ಕೆ 1.5 ಜಿಬಿಯಂಥ ಮಿತಿಯ ಪ್ಯಾಕ್ ಹಾಕಿಸಿಕೊಂಡವರು ನೋಡುವ ಪುಟದಲ್ಲಿ ಆಟೋ ಎಂದು ಬರೆಯುವುದು ಅವರ ಹಣವನ್ನು ಕೇಳದೆ ಖರ್ಚು ಮಾಡಿದಂತೆ. ಒಂದು ಪುಟದಲ್ಲಿ ಒಂದೇ ವಿಡಿಯೋ ಇದ್ದರೆ ಮೆಟಾಡೇಟಾ, ಹಲವು ಇದ್ದರೆ ನನ್, ಇಷ್ಟು ನಿಯಮ ಸಾಕು. ಪ್ಲೇಯ್ಸ್‌ಇನ್‌ಲೈನ್ ಎಂಬುದನ್ನೂ ಸೇರಿಸಿ. ಇಲ್ಲದಿದ್ದರೆ ಐಫೋನಿನಲ್ಲಿ ವಿಡಿಯೋ ಪೂರ್ಣ ಪರದೆಗೆ ಹೋಗಿ ಪುಟದಲ್ಲಿರುವ ಪದ್ಯದ ಸಾಹಿತ್ಯ ಮರೆಯಾಗುತ್ತದೆ.

ಆಟೋಪ್ಲೇ ಬಗ್ಗೆ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಪುಟ ತೆರೆದ ಕೂಡಲೇ ಆಟ ಆರಂಭವಾಗಬೇಕೆಂದು ಸಂಘದವರು ಕೇಳುವುದು ಹೆಚ್ಚು. 2018ರ ಏಪ್ರಿಲ್‌ನಲ್ಲಿ ಬಂದ ಕ್ರೋಮ್ 66ನೇ ಆವೃತ್ತಿಯಿಂದ ಧ್ವನಿಯಿರುವ ವಿಡಿಯೋ, ನೋಡುವವರು ಆ ತಾಣದಲ್ಲಿ ಏನನ್ನಾದರೂ ಒತ್ತದೆ, ಸಾಮಾನ್ಯವಾಗಿ ತಾನಾಗಿ ಆರಂಭವಾಗುವುದಿಲ್ಲ. ಸಫಾರಿಯಲ್ಲೂ ಇಂಥದೇ ನಿಯಮವಿದೆ. ಆಟೋಪ್ಲೇ ಜತೆಗೆ ಮ್ಯೂಟೆಡ್ ಎಂದೂ ಬರೆದರೆ ಮಾತ್ರ ಅನುಮತಿ ಸಿಗುತ್ತದೆ. ಆದರೆ ಚೆಂಡೆ, ಮದ್ದಳೆ, ಚಕ್ರತಾಳಗಳ ಸದ್ದಿಲ್ಲದ ಯಕ್ಷಗಾನವನ್ನು ತಾನಾಗಿ ಆಡಿಸುವುದರಿಂದ ಯಾರಿಗೆ ಏನು ಪ್ರಯೋಜನ? ಬ್ರೌಸರ್‌ಗಳು ಈ ನಿಯಮವನ್ನು ತಂದದ್ದು ನ್ಯಾಯವೇ ಆಗಿದೆ. ಆಟೋಪ್ಲೇಯನ್ನು ಬಿಟ್ಟುಬಿಡಿ.

ಅಳತೆಯ ವಿಷಯದಲ್ಲಿ, ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಅಗಲವನ್ನು ನೂರು ಶೇಕಡಾ ಎಂದೂ ಎತ್ತರವನ್ನು ಆಟೋ ಎಂದೂ ಕೊಟ್ಟು, ಟ್ಯಾಗಿನಲ್ಲಿ ವಿಡಿಯೋದ ನಿಜವಾದ ಅಗಲ, ಎತ್ತರಗಳನ್ನು ಬರೆದರೆ ಯಾವ ಪರದೆಯಲ್ಲೂ ಸರಿಹೊಂದುತ್ತದೆ. ಹಳೆಯ ವಿಎಚ್‌ಎಸ್ ಟೇಪುಗಳಿಂದ ತೆಗೆದ ಆಟಗಳು 4:3 ಪ್ರಮಾಣದಲ್ಲಿರುತ್ತವೆ. ಅವನ್ನು ಇಂದಿನ 16:9 ಚೌಕಟ್ಟಿಗೆ ಎಳೆದು ತುಂಬಿಸಬಾರದು. ಎಳೆದರೆ ತೆಂಕುತಿಟ್ಟಿನ ಎತ್ತರದ ಕಿರೀಟ ಕುಳ್ಳಾಗಿ ಅಗಲವಾಗುತ್ತದೆ, ವೇಷಧಾರಿಯ ನಿಲುವೇ ಕೆಡುತ್ತದೆ. ಎರಡೂ ಬದಿ ಕಪ್ಪು ಪಟ್ಟಿ ಉಳಿದರೂ ಚಿಂತೆಯಿಲ್ಲ.

ಯೂಟ್ಯೂಬಿನಿಂದ ತರುವಾಗ

ಯೂಟ್ಯೂಬಿನಲ್ಲಿ ವಿಡಿಯೋದ ಕೆಳಗಿರುವ ಶೇರ್ ಒತ್ತಿ, ಎಂಬೆಡ್ ಆರಿಸಿದರೆ ಐಫ್ರೇಮ್ ಟ್ಯಾಗು ಸಿದ್ಧವಾಗಿ ಸಿಗುತ್ತದೆ. ಅದನ್ನು ಹಾಗೆಯೇ ಅಂಟಿಸಿದರೂ ನಡೆಯುತ್ತದೆ, ಆದರೆ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಸೇರಿಸುವ ಕೆಲವು ಸೂಚನೆಗಳು ಬಹಳ ಉಪಯುಕ್ತವಾಗಿವೆ. ಸ್ಟಾರ್ಟ್ ಎಂಬುದು ಎಲ್ಲಿಂದ ಆರಂಭಿಸಬೇಕೆಂದು ಹೇಳುತ್ತದೆ. ಅದಕ್ಕೆ ಸಮಯವನ್ನು ಸೆಕೆಂಡುಗಳಲ್ಲಿಯೇ ಕೊಡಬೇಕು. 2 ಗಂಟೆ 15 ನಿಮಿಷ 40 ಸೆಕೆಂಡಿಗೆ ಬರುವ ಪದ್ಯಕ್ಕೆ 7200, 900, 40 ಕೂಡಿಸಿ 8140 ಎಂದು ಬರೆಯಬೇಕು. ವಾಟ್ಸಾಪಿನಲ್ಲಿ ಹಂಚುವ ಲಿಂಕಿನಲ್ಲಿ ಇದೇ ಕೆಲಸವನ್ನು ಟಿ ಎಂಬ ಒಂದಕ್ಷರ ಮಾಡುತ್ತದೆ. ಅದನ್ನು ಐಫ್ರೇಮ್ ವಿಳಾಸಕ್ಕೆ ನಕಲಿಸದೆ ಸ್ಟಾರ್ಟ್ ಎಂದೇ ಬರೆಯಿರಿ. ವಿಡಿಯೋ ಆಡಿಸುವ ತಂತ್ರಾಂಶ ಆ ಕ್ಷಣದ ಸಮೀಪದ ಕೀಫ್ರೇಮನ್ನು, ಅಂದರೆ ಪೂರ್ಣವಾಗಿ ಉಳಿಸಿಟ್ಟ ಚೌಕಟ್ಟನ್ನು ಹುಡುಕುವುದರಿಂದ ಒಂದೆರಡು ಸೆಕೆಂಡು ಹಿಂದಿನಿಂದ ಆರಂಭವಾಗಬಹುದು. ಎಂಡ್ ಎಂಬುದು ಎಲ್ಲಿ ನಿಲ್ಲಬೇಕೆಂಬುದನ್ನು ಹೇಳುತ್ತದೆ. ಒಂದೇ ವಿಡಿಯೋ ಮತ್ತೆ ಮತ್ತೆ ಆಡಬೇಕಾದರೆ ಲೂಪ್‌ಗೆ 1 ಕೊಟ್ಟರೆ ಸಾಲದು, ಪ್ಲೇಲಿಸ್ಟ್ ಎಂಬುದಕ್ಕೂ ಅದೇ ವಿಡಿಯೋದ ಗುರುತನ್ನು ಕೊಡಬೇಕು.

ರೆಲ್ ಎಂಬುದಕ್ಕೆ 0 ಕೊಟ್ಟರೆ ಕೊನೆಗೆ ಬೇರೆ ವಿಡಿಯೋಗಳು ಬರುವುದೇ ಇಲ್ಲವೆಂದು ಹಲವರು ತಿಳಿದಿದ್ದಾರೆ. 2018ರ ಸೆಪ್ಟೆಂಬರಿನಿಂದ ಅದು ಹಾಗಿಲ್ಲ. ಈಗ 0 ಕೊಟ್ಟರೆ ಸೂಚಿಸುವ ವಿಡಿಯೋಗಳು ಅದೇ ಚಾನೆಲಿನವು ಆಗಿರುತ್ತವೆ, ಅಷ್ಟೇ. ಶಾಲೆಯ ಪುಟಕ್ಕೆ ಇದು ಮುಖ್ಯವಾದ ಕಾರಣ, ಮಕ್ಕಳಿಗೆ ತೋರಿಸುವ ವಿಡಿಯೋಗಳನ್ನು ಶಾಲೆಯ ಸ್ವಂತ ಚಾನೆಲಿಗೆ ಏರಿಸಿ ಅಲ್ಲಿಂದಲೇ ತರುವುದು ಮೇಲು. ವಿಳಾಸದಲ್ಲಿ ಯೂಟ್ಯೂಬ್ ಡಾಟ್ ಕಾಮ್ ಇರುವಲ್ಲಿ ಯೂಟ್ಯೂಬ್-ನೋಕುಕಿ ಡಾಟ್ ಕಾಮ್ ಎಂದು ಬದಲಿಸಿದರೆ, ಆ ವಿಡಿಯೋ ನೋಡಿದ್ದನ್ನು ಆಧರಿಸಿ ಯೂಟ್ಯೂಬ್ ನೋಡುವವರಿಗೆ ಮುಂದಿನ ಸಲಹೆಗಳನ್ನು ರೂಪಿಸುವುದಿಲ್ಲ. ಎಂಬೆಡ್ ಕಿಟಕಿಯಲ್ಲಿಯೇ ಇದಕ್ಕೆ ಪ್ರೈವಸಿ ಎನ್‌ಹಾನ್ಸ್‌ಡ್ ಎಂಬ ಚೌಕವೂ ಇದೆ.

ಐಫ್ರೇಮ್ ಟ್ಯಾಗಿಗೆ ಟೈಟಲ್ ಬರೆಯುವುದನ್ನು ಮರೆಯಬಾರದು. ಕಣ್ಣು ಕಾಣದವರು ಬಳಸುವ ಓದು ತಂತ್ರಾಂಶ ಆ ಟೈಟಲನ್ನೇ ಓದಿ ಹೇಳುವುದರಿಂದ, ಬರೀ ಯೂಟ್ಯೂಬ್ ವಿಡಿಯೋ ಪ್ಲೇಯರ್ ಎಂದು ಬಿಡದೆ ಪ್ರಸಂಗದ ಹೆಸರು, ಸ್ಥಳ, ವರ್ಷಗಳನ್ನು ಕನ್ನಡದಲ್ಲಿ ಬರೆಯಬೇಕು. ಲೋಡಿಂಗ್ ಎಂಬುದಕ್ಕೆ ಲೇಜಿ ಎಂದು ಕೊಟ್ಟರೆ ಪುಟವನ್ನು ಕೆಳಗೆ ಸರಿಸಿ ವಿಡಿಯೋದ ಹತ್ತಿರ ಬರುವವರೆಗೆ ಅದು ತೆರೆಯುವುದಿಲ್ಲ. ಒಂದೊಂದು ಐಫ್ರೇಮ್ ಕೂಡ ಗುಂಡಿ ಒತ್ತುವ ಮೊದಲೇ ವಿಡಿಯೋ ಆಡಿಸುವ ತನ್ನ ತಂತ್ರಾಂಶವನ್ನು ತರುವುದರಿಂದ, ಹತ್ತಾರು ಆಟಗಳ ಪಟ್ಟಿಯಿರುವ ಪುಟದಲ್ಲಿ ಅಷ್ಟೂ ಐಫ್ರೇಮ್‌ಗಳನ್ನು ಇಡುವುದು ಸರಿಯಲ್ಲ. ಅಲ್ಲಿ ಚಿತ್ರಗಳನ್ನು ಮಾತ್ರ ಇಟ್ಟು, ಚಿತ್ರವನ್ನು ಒತ್ತಿದಾಗ ಆ ಜಾಗದಲ್ಲಿ ಐಫ್ರೇಮ್ ಹುಟ್ಟುವಂತೆ ಪುಟದಲ್ಲಿ ನಡೆಯುವ ಪ್ರೋಗ್ರಾಂ ಆದ ಜಾವಾಸ್ಕ್ರಿಪ್ಟನ್ನು ಕೆಲವೇ ಸಾಲಿನಲ್ಲಿ ಬರೆಯಿರಿ. ಪುಟ ತೆರೆಯುವ ವೇಗದಲ್ಲಿ ಆಗುವ ವ್ಯತ್ಯಾಸ, ಸಿಗ್ನಲ್ ಸರಿಯಾಗಿ ಸಿಗದ ಗುಡ್ಡದ ಬದಿಯ ಮನೆಗಳಲ್ಲಿ ಎದ್ದು ಕಾಣುತ್ತದೆ.

ಪದ್ಯದಿಂದ ಪದ್ಯಕ್ಕೆ ಹೋಗುವ ಗುಂಡಿಗಳು

ಉದ್ದದ ವಿಡಿಯೋವನ್ನು ಹಾಕಿ ಸುಮ್ಮನಿದ್ದರೆ ಯಾರೂ ಅದರ ಒಳಗೆ ಹೋಗಿ ಹುಡುಕುವುದಿಲ್ಲ. ವಿಡಿಯೋದ ಕೆಳಗೆ ಸಭಾಲಕ್ಷಣ, ಪೀಠಿಕೆ, ಒಡ್ಡೋಲಗ, ಬಣ್ಣದ ವೇಷದ ಪ್ರವೇಶ, ಸಂವಾದ, ಯುದ್ಧ, ಮಂಗಳ ಎಂದು ಗುಂಡಿಗಳ ಸಾಲನ್ನು ಕೊಟ್ಟು, ಒತ್ತಿದ ಕೂಡಲೇ ಆ ಸ್ಥಾನಕ್ಕೆ ಹಾರುವಂತೆ ಮಾಡುವುದೇ ಈ ಪುಟಗಳಿಗೆ ಮಾಡಬಹುದಾದ ದೊಡ್ಡ ಉಪಕಾರ. ಸಮಯದ ಪಟ್ಟಿಯನ್ನು ತಯಾರಿಸುವುದಕ್ಕೆ ಮಾತ್ರ ಸುಲಭದ ದಾರಿಯಿಲ್ಲ. ಪ್ರಸಂಗ ಬಲ್ಲವರೊಬ್ಬರು ಪ್ರಸಂಗದ ಪುಸ್ತಕವನ್ನು ಎದುರಿಗಿಟ್ಟುಕೊಂಡು ಆಟವನ್ನು ಪೂರ್ತಿ ನೋಡಿ ಬರೆದುಕೊಳ್ಳಬೇಕು. ನಮ್ಮೂರುಗಳಲ್ಲಿ ಅಂಥ ಹಿರಿಯರು ಇದ್ದಾರೆ, ಮತ್ತು ಅವರು ಇದನ್ನು ಸಂತೋಷದಿಂದ ಮಾಡುತ್ತಾರೆ.

ಸ್ವಂತ ಸರ್ವರ್‌ನಲ್ಲಿರುವ ವಿಡಿಯೋಕ್ಕೆ ಕೆಲಸ ಹೀಗಿದೆ. ಪ್ರತಿ ಗುಂಡಿಯನ್ನೂ ಬಟನ್ ಟ್ಯಾಗಿನಿಂದಲೇ ಮಾಡಿ, ಅದರ ಡೇಟಾ ಆಟ್ರಿಬ್ಯೂಟ್‌ನಲ್ಲಿ ಸೆಕೆಂಡುಗಳ ಸಂಖ್ಯೆಯನ್ನು ಬರೆಯಬೇಕು. ಗುಂಡಿ ಒತ್ತಿದಾಗ ಸ್ಕ್ರಿಪ್ಟ್ ಆ ಸಂಖ್ಯೆಯನ್ನು ಓದಿ, ವಿಡಿಯೋದ ಕರೆಂಟ್‌ಟೈಮ್ ಎಂಬ ಮೌಲ್ಯಕ್ಕೆ ಅದನ್ನು ಇಟ್ಟು, ಪ್ಲೇ ಎಂಬ ಕಾರ್ಯವನ್ನು ಕರೆಯಬೇಕು. ನಿಲ್ಲಿಸಲು ಪಾಝ್, ವೇಗಕ್ಕೆ ಪ್ಲೇಬ್ಯಾಕ್‌ರೇಟ್, ಧ್ವನಿಗೆ 0ಯಿಂದ 1ರವರೆಗಿನ ವಾಲ್ಯೂಮ್ ಇವೆ. ಹೆಜ್ಜೆ ಕಲಿಯುವ ಮಕ್ಕಳಿಗೆ ವೇಗವನ್ನು 0.5ಕ್ಕೆ ಇಳಿಸುವ ಒಂದು ಗುಂಡಿ ಬಹಳ ಉಪಯೋಗಕ್ಕೆ ಬರುತ್ತದೆ. ಬ್ರೌಸರ್ ಶ್ರುತಿಯನ್ನು ಸಾಮಾನ್ಯವಾಗಿ ಹಾಗೆಯೇ ಉಳಿಸಿಕೊಂಡು ಗತಿಯನ್ನು ಮಾತ್ರ ನಿಧಾನ ಮಾಡುತ್ತದೆ. ಐಫೋನಿನಲ್ಲಿ ಸ್ಕ್ರಿಪ್ಟಿನಿಂದ ವಾಲ್ಯೂಮ್ ಬದಲಾಗುವುದಿಲ್ಲವಾದ್ದರಿಂದ, ಧ್ವನಿಗೆ ಪ್ರತ್ಯೇಕ ಗುಂಡಿ ಮಾಡುವ ಶ್ರಮ ಬೇಡ. ಪ್ಲೇ ಎಂಬುದು ಕೂಡಲೇ ಫಲ ಕೊಡದೆ, ಫಲವನ್ನು ಬಳಿಕ ತಿಳಿಸುವ ಪ್ರಾಮಿಸ್ ಎಂಬುದನ್ನು ಕೊಡುತ್ತದೆ. ಬ್ರೌಸರ್ ಅನುಮತಿ ನಿರಾಕರಿಸಿದರೆ ಅದು ವಿಫಲವಾಗುತ್ತದೆ. ಆ ವೈಫಲ್ಯವನ್ನು ಕ್ಯಾಚ್‌ನಲ್ಲಿ ಹಿಡಿದು, ವಿಡಿಯೋದ ಮೇಲಿನ ಗುಂಡಿಯನ್ನು ಒತ್ತಿ ಎಂಬ ಸಾಲನ್ನು ತೋರಿಸಬೇಕು.

ಪದ್ಯ ಮುಗಿದಲ್ಲಿ ನಿಲ್ಲಬೇಕಾದರೆ ಟೈಮ್‌ಅಪ್‌ಡೇಟ್ ಎಂಬ ಘಟನೆಗೆ, ಅಂದರೆ ಬ್ರೌಸರ್ ಸ್ಕ್ರಿಪ್ಟಿಗೆ ಕೊಡುವ ಸೂಚನೆಗೆ ಕಿವಿಗೊಟ್ಟು, ಕರೆಂಟ್‌ಟೈಮ್ ಕೊನೆಯ ಸೆಕೆಂಡನ್ನು ದಾಟಿದಾಗ ಪಾಝ್ ಮಾಡಬೇಕು. ಈ ಘಟನೆ ಸೆಕೆಂಡಿಗೆ ನಾಲ್ಕು ಬಾರಿಯಷ್ಟೇ ಬರಬಹುದು, ಆದ್ದರಿಂದ ಕಾಲು ಸೆಕೆಂಡಿನ ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಬಿಡ್ತಿಗೆಯ, ಅಂದರೆ ಪದ್ಯದ ಮುಕ್ತಾಯಕ್ಕೆ ಬರುವ ಚೆಂಡೆ ಮದ್ದಳೆಯ ನುಡಿಕೆಯ ಬಳಿಕ ಒಂದು ಸೆಕೆಂಡು ಹೆಚ್ಚಿಗೆ ಇಟ್ಟರೆ ಯಾವ ತೊಂದರೆಯೂ ಆಗದು. ಪುಟದಲ್ಲಿ ಹಲವು ವಿಡಿಯೋಗಳಿದ್ದರೆ, ಒಂದು ಆರಂಭವಾದಾಗ ಉಳಿದವು ನಿಲ್ಲಬೇಕು. ಅದಕ್ಕೆ ಇಡೀ ಡಾಕ್ಯುಮೆಂಟಿನ ಮೇಲೆ ಪ್ಲೇ ಘಟನೆಯನ್ನು ಆಲಿಸಬಹುದು, ಆದರೆ ಆ ಘಟನೆ ಮೇಲಕ್ಕೆ ಏರಿ ಬರುವ ಜಾತಿಯದಲ್ಲ. ಆಡ್‌ಇವೆಂಟ್‌ಲಿಸನರ್‌ನ ಮೂರನೆಯ ಸ್ಥಾನದಲ್ಲಿ ಟ್ರೂ ಎಂದು ಬರೆದರೆ ಮಾತ್ರ ಸಿಗುತ್ತದೆ.

ಗುಂಡಿ ಒತ್ತಿದರೂ ವಿಡಿಯೋ ಪ್ರತಿ ಬಾರಿ ಮೊದಲಿಗೇ ಮರಳುತ್ತಿದ್ದರೆ ದೋಷ ನಿಮ್ಮ ಕೋಡಿನಲ್ಲಿರದೆ ಸರ್ವರ್‌ನಲ್ಲಿರುವ ಸಾಧ್ಯತೆ ಹೆಚ್ಚು. ಫೈಲಿನ ನಡುವಿನ ಒಂದು ತುಂಡನ್ನು ಮಾತ್ರ ಕೊಡು ಎಂದು ಬ್ರೌಸರ್ ಕೇಳಿದಾಗ ಸರ್ವರ್ 206 ಎಂಬ ಸಂಕೇತದೊಂದಿಗೆ ಆ ತುಂಡನ್ನು ಕೊಡಬೇಕು. 200 ಎಂದು ಇಡೀ ಫೈಲನ್ನು ಕೊಡಲು ಹೊರಟರೆ ಮುಂದಕ್ಕೆ ಹಾರಲಾಗುವುದಿಲ್ಲ. ಬ್ರೌಸರ್‌ನ ಡೆವಲಪರ್ ಉಪಕರಣದ ನೆಟ್‌ವರ್ಕ್ ವಿಭಾಗದಲ್ಲಿ ಈ ಸಂಖ್ಯೆ ಕಾಣುತ್ತದೆ. ಅದನ್ನು ನೋಡಿಕೊಂಡು ಹೋಸ್ಟಿಂಗ್‌ನವರಿಗೆ ತಿಳಿಸಿ.

ಯೂಟ್ಯೂಬ್ ವಿಡಿಯೋಕ್ಕೆ ಇದೇ ಗುಂಡಿಗಳನ್ನು ಮಾಡಲು ಐಫ್ರೇಮ್ ಎಪಿಐ, ಅಂದರೆ ಸ್ಕ್ರಿಪ್ಟಿನಿಂದ ಆ ವಿಡಿಯೋವನ್ನು ನಿಯಂತ್ರಿಸುವ ಏರ್ಪಾಡು ಇದೆ. ವಿಳಾಸದಲ್ಲಿ ಎನೇಬಲ್‌ಜೆಎಸ್‌ಎಪಿಐ ಎಂಬುದಕ್ಕೆ 1 ಕೊಟ್ಟು, ಯೂಟ್ಯೂಬಿನ ಐಫ್ರೇಮ್ ಎಪಿಐ ಸ್ಕ್ರಿಪ್ಟನ್ನು ಪುಟಕ್ಕೆ ಸೇರಿಸಿದರೆ, ಅದು ಸಿದ್ಧವಾದಾಗ ನಿಮ್ಮ ಪುಟದಲ್ಲಿರುವ ಆನ್‌ಯೂಟ್ಯೂಬ್‌ಐಫ್ರೇಮ್‌ಎಪಿಐರೆಡಿ ಎಂಬ ಕಾರ್ಯವನ್ನು ಕರೆಯುತ್ತದೆ. ಅದರೊಳಗೆ ಪ್ಲೇಯರ್ ರಚಿಸಿಕೊಂಡ ಮೇಲೆ ಸೀಕ್‌ಟು, ಪ್ಲೇವಿಡಿಯೋ, ಪಾಝ್‌ವಿಡಿಯೋ ಎಂಬ ಕಾರ್ಯಗಳು ಸಿಗುತ್ತವೆ. ಸ್ಥಿತಿ ಬದಲಾದಾಗ 1 ಎಂದರೆ ಆಡುತ್ತಿದೆ, 2 ಎಂದರೆ ನಿಂತಿದೆ, 3 ಎಂದರೆ ಡೇಟಾಕ್ಕೆ ಕಾಯುತ್ತಿದೆ, 0 ಎಂದರೆ ಮುಗಿದಿದೆ. ಐಫ್ರೇಮ್‌ನ ಅಲೌ ಆಟ್ರಿಬ್ಯೂಟ್‌ನಲ್ಲಿ ಆಟೋಪ್ಲೇ ಇರಬೇಕು. ಇಲ್ಲದಿದ್ದರೆ ನಿಮ್ಮ ಗುಂಡಿಯಿಂದ ಕೊಟ್ಟ ಆಜ್ಞೆಯನ್ನು ಬ್ರೌಸರ್ ತಡೆಯಬಹುದು. ತಪ್ಪು ಸಂಖ್ಯೆ 100 ಬಂದರೆ ವಿಡಿಯೋವನ್ನು ತೆಗೆದಿದ್ದಾರೆ ಅಥವಾ ಖಾಸಗಿ ಮಾಡಿದ್ದಾರೆ, 101 ಅಥವಾ 150 ಬಂದರೆ ಏರಿಸಿದವರು ಬೇರೆಡೆ ತೋರಿಸಲು ಅನುಮತಿ ಕೊಟ್ಟಿಲ್ಲ ಎಂದು ತಿಳಿಯಬೇಕು. 153 ಎಂದರೆ ಯಾವ ಪುಟದಿಂದ ಕೇಳುತ್ತಿದ್ದಾರೆಂಬ ಮಾಹಿತಿ ಯೂಟ್ಯೂಬಿಗೆ ತಲುಪಿಲ್ಲ. ಪುಟವನ್ನು ಕಂಪ್ಯೂಟರ್‌ನ ಫೈಲಾಗಿ ನೇರವಾಗಿ ತೆರೆದು ನೋಡುವಾಗ ಇದು ಬರುತ್ತದೆ.

ಕನ್ನಡದ, ಮಲಯಾಳದ ಅಕ್ಷರಗಳು

ಕಾಸರಗೋಡಿನ ವಿಡಿಯೋಗಳಿಗೆ ಉಪಶೀರ್ಷಿಕೆ ಬೇಡವೆನ್ನಲಾಗದು. ವೇದಿಕೆಯಲ್ಲಿ ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ತುಳುವಿನಲ್ಲಿ, ಮುಖ್ಯ ಅತಿಥಿಗಳು ಮಲಯಾಳದಲ್ಲಿ ಮಾತನಾಡುವುದು ಇಲ್ಲಿ ನಿತ್ಯದ ಸಂಗತಿ. ಕಿವಿ ಕೇಳಿಸದವರಿಗೂ, ಇತರರಿಗೆ ತೊಂದರೆಯಾಗದಂತೆ ಕಚೇರಿಯಲ್ಲಿ ಧ್ವನಿ ತಗ್ಗಿಸಿ ನೋಡುವವರಿಗೂ ಅಕ್ಷರ ಬೇಕು. ವಿಡಿಯೋ ಟ್ಯಾಗಿನೊಳಗೆ ಟ್ರ್ಯಾಕ್ ಎಂಬ ಟ್ಯಾಗನ್ನು ಭಾಷೆಗೊಂದರಂತೆ ಇಡಬೇಕು; ಎಸ್‌ಆರ್‌ಸಿಲ್ಯಾಂಗ್‌ನಲ್ಲಿ ಕನ್ನಡಕ್ಕೆ ಕೆ ಎನ್, ಮಲಯಾಳಕ್ಕೆ ಎಂ ಎಲ್, ತುಳುವಿಗೆ ಟಿ ಸಿ ವೈ ಎಂಬ ಸಂಕೇತಗಳನ್ನು ಬರೆಯಬೇಕು. ಲೇಬಲ್‌ನಲ್ಲಿ ಆಯಾ ಭಾಷೆಯ ಹೆಸರನ್ನು ಅದರದೇ ಲಿಪಿಯಲ್ಲಿ ಕೊಡಬೇಕು.

ಟ್ರ್ಯಾಕ್ ಕೇಳುವುದು ವೆಬ್‌ವಿಟಿಟಿ ಬಗೆಯ ಫೈಲನ್ನು. ಅದು ಸಾದಾ ಪಠ್ಯದ ಫೈಲು. ಮೊದಲ ಸಾಲಿನಲ್ಲಿ ವೆಬ್‌ವಿಟಿಟಿ ಎಂದು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆದು, ಒಂದು ಸಾಲು ಖಾಲಿ ಬಿಟ್ಟು, ಪ್ರತಿ ಮಾತಿಗೂ ಆರಂಭದ ಮತ್ತು ಕೊನೆಯ ಸಮಯಗಳನ್ನು ಬಾಣದ ಗುರುತಿನ ಎರಡು ಬದಿಗೆ ಬರೆದು, ಕೆಳಗೆ ಮಾತನ್ನು ಬರೆಯಬೇಕು. ಎಸ್‌ಆರ್‌ಟಿ ಎಂಬ ಇನ್ನೊಂದು ಬಗೆಯ ಉಪಶೀರ್ಷಿಕೆ ಫೈಲಿನಿಂದ ಬದಲಾಯಿಸುವವರು ಸೆಕೆಂಡಿನ ಬಳಿಕ ಬರುವ ಅಲ್ಪವಿರಾಮವನ್ನು ಚುಕ್ಕೆಯಾಗಿಸಬೇಕು. ಫೈಲನ್ನು ಯುಟಿಎಫ್-8ರಲ್ಲಿ ಉಳಿಸಬೇಕು. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಆಸ್ಕಿ ಕ್ರಮದಲ್ಲಿ ಬೆರಳಚ್ಚಾದ ಪಠ್ಯ ನಿಮ್ಮಲ್ಲಿದ್ದರೆ ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ, ಇಲ್ಲವಾದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಭಾಗವತರು ಒಂದೇ ಸಾಲನ್ನು ಹಲವು ಬಾರಿ ಎತ್ತಿ ಹಾಡುವಾಗ ಪ್ರತಿ ಬಾರಿಯೂ ಅಕ್ಷರ ಬದಲಾಗುವಂತೆ ಮಾಡುವುದಕ್ಕಿಂತ, ಪದ್ಯದ ಎರಡು ಸಾಲನ್ನು ಹಾಡು ಮುಗಿಯುವವರೆಗೆ ನಿಲ್ಲಿಸುವುದು ಕಣ್ಣಿಗೆ ಹಿತ. ಕಲಾವಿದರು ಮಾತಿನಲ್ಲಿ ಅರ್ಥ ಹೇಳುವ ಭಾಗದಲ್ಲಿ ಮಾತಿನ ಓಟಕ್ಕೆ ತಕ್ಕಂತೆ ಎರಡು ಸಾಲಿಗೆ ಮಿತಿಗೊಳಿಸಿ, ಯಾರ ಮಾತು ಎಂಬುದನ್ನು ಪಾತ್ರದ ಹೆಸರಿನಿಂದ ಸೂಚಿಸಿ.

ಯೂಟ್ಯೂಬಿನಲ್ಲಾದರೆ ಇದೇ ಫೈಲನ್ನು ಸ್ಟುಡಿಯೋದ ಸಬ್‌ಟೈಟಲ್ಸ್ ವಿಭಾಗದಲ್ಲಿ ಏರಿಸಬಹುದು. ಎಂಬೆಡ್ ವಿಳಾಸದಲ್ಲಿ ಸಿಸಿ, ಲೋಡ್, ಪಾಲಿಸಿ ಎಂಬ ಮೂರನ್ನು ಅಡಿಗೆರೆಗಳಿಂದ ಸೇರಿಸಿ 1 ಕೊಟ್ಟರೆ ಅಕ್ಷರಗಳು ಮೊದಲಿನಿಂದಲೇ ಕಾಣುತ್ತವೆ. ಸಿಸಿ, ಲ್ಯಾಂಗ್, ಪ್ರೆಫ್ ಎಂಬುದನ್ನು ಹಾಗೆಯೇ ಸೇರಿಸಿ ಕೆ ಎನ್ ಎಂದು ಕೊಟ್ಟರೆ ಕನ್ನಡದ್ದು ಆಯ್ಕೆಯಾಗುತ್ತದೆ.

ಪ್ರಕಟಿಸುವ ಮೊದಲು

ಡೆವಲಪರ್ ಉಪಕರಣದಲ್ಲಿ ಜಾಲದ ವೇಗವನ್ನು ಕೃತಕವಾಗಿ ತಗ್ಗಿಸುವ ಅನುಕೂಲವಿದೆ. ಅದನ್ನು 3ಜಿಗೆ ಇಟ್ಟು ಪುಟವನ್ನು ತೆರೆಯಿರಿ, ಏನನ್ನೂ ಒತ್ತದೆ ಬಿಟ್ಟು ಎಷ್ಟು ಡೇಟಾ ಬಂತೆಂಬುದನ್ನು ನೆಟ್‌ವರ್ಕ್ ವಿಭಾಗದ ಕೆಳಭಾಗದಲ್ಲಿ ನೋಡಿ. ಮೌಸ್ ಮುಟ್ಟದೆ ಟ್ಯಾಬ್ ಕೀಲಿಯಿಂದ ಪ್ರತಿ ಗುಂಡಿಗೂ ಹೋಗಿ ಎಂಟರ್ ಒತ್ತಿ, ವಿಡಿಯೋ ಆ ಜಾಗಕ್ಕೆ ಹಾರುತ್ತದೆಯೇ ಎಂದು ಪರೀಕ್ಷಿಸಿ. ಒಂದು ಆಂಡ್ರಾಯ್ಡ್ ಫೋನಿನಲ್ಲಿಯೂ ಒಂದು ಐಫೋನಿನಲ್ಲಿಯೂ ನೋಡಿ, ಏಕೆಂದರೆ ಆಟೋಪ್ಲೇ, ವಾಲ್ಯೂಮ್, ಪೂರ್ಣ ಪರದೆ ಈ ಮೂರರಲ್ಲೂ ಎರಡರ ನಡತೆ ಬೇರೆ. ಕೊನೆಗೆ ಪ್ರತಿ ವಿಡಿಯೋದ ಕೆಳಗೂ ಅದರ ನೇರ ಲಿಂಕನ್ನು ಒಂದು ಸಾಲಿನಲ್ಲಿ ಕೊಡಿ. ಯಾವುದೋ ಕಾರಣಕ್ಕೆ ಪುಟದಲ್ಲಿ ವಿಡಿಯೋ ತೆರೆಯದವರು ಅಲ್ಲಿಂದಾದರೂ ಆಟವನ್ನು ನೋಡಬಹುದು.